ಸದ್ದಿಲ್ಲದೆ ಬರುವ ದೋಣಿ

ಈಚೆ ದಡ, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಿವಿಯ ಆಪರೇಷನ್ನಿನ ಗಾಯ ಪೂರ್ತಿ ಮಾಯಿತೇ? ಹನಿ ಔಷಧಿ ಬಿಡದೆ ಹಾಕಿಕೊಳ್ಳುತ್ತಿದ್ದೀಯ ತಾನೆ? ಫೋನಿನಲ್ಲಿ ನಾನು ಒಂದು ಕೇಳಿದರೆ ನೀನು ಇನ್ನೊಂದಕ್ಕೆ ಉತ್ತರ ಕೊಡುತ್ತೀಯ, ಅದಕ್ಕೇ ಕಾಗದ ಹಿಡಿದು ಕೂತೆ. ನನ್ನ ಆರೋಗ್ಯ ಇಂಗ್ಲಿಷಿನಲ್ಲಿ ಹೇಳುವುದಾದರೆ ಫಿಟ್ ಆ್ಯಸ್ ಎ... ಯಾವುದೋ ವಾದ್ಯ. ಕಾಲೇಜಿನಲ್ಲಿ ಕಲಿತದ್ದು, ಪಿಟೀಲೋ ಕೊಳಲೋ ಮರೆತಿದ್ದೇನೆ.

ಈಗ ನಮ್ಮ ಸೊಸೆಯ ಪ್ರತಾಪ ಕೇಳು. ನಮ್ಮ ದೋಣಿಯ ಎಂಜಿನ್ನಿನ ಆರ್ಭಟ ನಿನಗೆ ಗೊತ್ತೇ ಇದೆ. ಜೋರು ಸದ್ದು ಕೂಡದು ಎಂದು ಡಾಕ್ಟರು ಹೇಳಿದಾಗಿನಿಂದ ನೀನು ಅದನ್ನು ಹತ್ತಿಲ್ಲ. ಬಸ್ಸಿನಲ್ಲಿ ಹೊಳೆ ಸುತ್ತಿ ಬರೋಣವೆಂದರೆ ಅರ್ಧ ದಿನದ ದಾರಿ, ನಿನ್ನ ಮಂಡಿ ಒಪ್ಪುವುದಿಲ್ಲ. ಹೀಗಾಗಿ ನನ್ನವಳು ತೀರಿಹೋದ ಮೇಲೆ ನೀನು ಈ ಹೊಸ್ತಿಲು ತುಳಿದೇ ಇಲ್ಲ. ಮನೆಯಲ್ಲಿ ನಾನು ಅವಳ ವಿಷಯ ಎತ್ತಿದರೆ ಎಲ್ಲರೂ ಪಾಪ, ನನಗೆ ನೋವಾದೀತೆಂದು ಮಾತು ಮರೆಸುತ್ತಾರೆ. ನೀನಾದರೆ ಅವಳನ್ನು ನಾಲ್ಕು ಬೈದು, ನಗಿಸಿ, ಮಾತಿನಲ್ಲೇ ಮತ್ತೆ ಕರೆದು ತಂದು ಕೂರಿಸುತ್ತೀಯ. ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ.

ಮೊದಲು ನಾನೇ ಕೈ ಹಾಕಿದೆ. ಎಂಜಿನ್ನಿಗೆ ದಪ್ಪ ಕಂಬಳಿ ಸುತ್ತಿ ಹಗ್ಗ ಬಿಗಿದೆ. ಹೊಳೆ ನಡುವೆ ಸದ್ದು ನಿಜಕ್ಕೂ ನಿಂತಿತು, ಯಾಕೆಂದರೆ ಎಂಜಿನ್ನೇ ನಿಂತಿತ್ತು. ಹೊಗೆಯಾಡುವ ಕಂಬಳಿಯನ್ನು ನೀರಿಗದ್ದಿ, ಹುಟ್ಟು ಹಾಕುತ್ತಾ ಬಂದೆ. ಸೊಸೆ ದಡದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಮಾವ, ಅದಕ್ಕೇನು ಚಳಿಜ್ವರ ಬಂದಿತ್ತಾ? ಉಸಿರಾಡೋಕಾದ್ರೂ ಬಿಡಬೇಕಲ್ವಾ" ಎಂದಳು.

ಬಸ್ಸಿನ ಸೀಟು ಹೊಲಿಯುವವಳಿಗೆ ಎಂಜಿನ್ ಎಲ್ಲಿಯ ನಂಟು? ಆದರೂ ಬಿಡಲಿಲ್ಲ. ನೀರಿನ ಪೈಪಿನ ತುಂಡೊಂದನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಓಡುತ್ತಿರುವ ಎಂಜಿನ್ನಿನ ಸುತ್ತ ಹಿಡಿಯುತ್ತಾ ಹೋದಳು, ಥೇಟು ಡಾಕ್ಟರು ಎದೆ ನೋಡಿದ ಹಾಗೆ. ಸೈಲೆನ್ಸರಿನಲ್ಲಿ ತುಕ್ಕು ತಿಂದ ತೂತು ಸಿಕ್ಕಿತು. ಎಂಜಿನ್ನನ್ನು ನೇರ ಹಲಗೆಗೇ ಬಿಗಿದಿದ್ದರಿಂದ ಇಡೀ ದೋಣಿ ನಗಾರಿಯಾಗಿತ್ತು. ಹೊಸ ಸೈಲೆನ್ಸರ್ ಹಾಕಿಸಿದಳು, ಎಂಜಿನ್ನಿನ ಕಾಲಿಗೆ ದಪ್ಪ ರಬ್ಬರ್ ಕೊಟ್ಟಳು. ಆಮೇಲೆ ಮೇಲಿನಿಂದ ಮುಚ್ಚಲು ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆಲ್ಲ ಬೆಂಕಿ ಹಿಡಿಯದ ಜಾತಿಯ ಫೋಮು, ಗಾಳಿಯಾಡಲು ಡೊಂಕು ದಾರಿ. "ಗಾಳಿ ತಿರುವಲ್ಲಿ ತಿರುಗ್ಕೊಂಡು ಹೋಗುತ್ತೆ ಮಾವ. ಸದ್ದು ಗೋಡೆಗೆ ಡಿಕ್ಕಿ ಹೊಡ್ಕೊಂಡು ಸುಸ್ತಾಗುತ್ತೆ" ಎಂದಳು. ಮೊದಲ ಪೆಟ್ಟಿಗೆಯ ಮುಚ್ಚಳವೇ ಗಡಗಡ ಎಂದಿತು. ಮುಖ ಸಿಂಡರಿಸದೆ ಎಲ್ಲ ಬಿಚ್ಚಿ ಮತ್ತೆ ಮಾಡಿದಳು. ನನ್ನವಳಿದ್ದಿದ್ದರೆ ಇಂಥ ಸೊಸೆಯ ಸುದ್ದಿಯನ್ನು ಬೀದಿಗೆಲ್ಲ ಹಂಚಿ ಬರುತ್ತಿದ್ದಳು. ಅವಳ ಪಾಲಿನ ಆ ಕೆಲಸವನ್ನು ಈಗ ನಾನು ಮಾಡುತ್ತಿದ್ದೇನೆ.

ನಿನ್ನೆ ನಾವಿಬ್ಬರೇ ಹೊರಟೆವು. ಸದ್ದು ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು, ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಓಡಿದಷ್ಟಿದೆ. ಕಂಬದ ಮೇಲಿನ ಕೊಕ್ಕರೆ ನಾವು ಹತ್ತಿರ ಹೋದರೂ ಏಳಲಿಲ್ಲ. ಸೊಸೆ ಹಿಂದಿನಿಂದ ಮೆಲ್ಲಗೆ "ಮಾವ, ಕೊಡೆ ತಂದಿದ್ದೀರಾ?" ಎಂದಳು. ನಾನು ಹಳೇ ಅಭ್ಯಾಸದಲ್ಲಿ ಎರಡೂ ದಡಕ್ಕೆ ಕೇಳುವಂತೆ "ತಂದಿದ್ದೀನಿ" ಎಂದು ಕಿರುಚಿದೆ. ಕೊಕ್ಕರೆ ಹಾರಿಹೋಯಿತು. "ಇನ್ನು ನಿಮಗೂ ಒಂದು ಪೆಟ್ಟಿಗೆ ಮಾಡ್ಬೇಕು" ಎಂದು ನಕ್ಕಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೊಡ್ಡವಳು ನೀನು, ನಿನ್ನ ಕೈ ನಮ್ಮೆಲ್ಲರ ತಲೆಯ ಮೇಲಿರಲಿ.

ನಿನ್ನ ವಟವಟ ತಮ್ಮ

ಮರೆತೇಬಿಟ್ಟಿದ್ದೆ: ಇಷ್ಟೆಲ್ಲ ಯಾರಿಗಮ್ಮ ಎಂದರೆ, "ಆಚೆ ದಡದ ಅತ್ತೆ ಬರಬೇಕಲ್ಲ ಮಾವ" ಎಂದಳು. ಇವತ್ತು ಬೆಳಿಗ್ಗೆ ನಿನ್ನ ಡಾಕ್ಟರನ್ನೇ ದೋಣಿಯಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ್ದಾಳೆ. ಅಡ್ಡಿಯಿಲ್ಲ, ಕರೆದುಕೊಂಡು ಹೋಗಿ ಎಂದರಂತೆ. ಭಾನುವಾರ ಬೆಳಿಗ್ಗೆ ನಿನ್ನ ಮನೆ ಮುಂದಿನ ದೋಣಿಕಟ್ಟೆಗೆ ಬರುತ್ತಾಳೆ. ಮೊದಲಾದರೆ ಹೊಳೆ ನಡುವಿನ ಸದ್ದು ಕೇಳಿದ ಮೇಲೆ ನೀನು ತಲೆ ಬಾಚಲು ಎದ್ದರೂ ನಡೆಯುತ್ತಿತ್ತು. ಈ ಸಲ ಹಾಗೆ ಕೂತಿರಬೇಡ ಅಕ್ಕಾ, ಕೇಳಿಸುವುದಿಲ್ಲ. ಕಿಟಕಿಯಲ್ಲಿ ನೋಡುತ್ತಿರು.