ಕರೆಂಟ್ ಹೋದಾಗ ಸಿಕ್ಕ ಭೂಕಂಪ

ಬನಹಟ್ಟಿ, ಮಂಗಳವಾರ

ಅತ್ತೆ, ನಾನೇ ಗೆದ್ದೆ. ಇಲ್ಲಿ ಮನೆಮನೆಗೂ ಪವರ್‌ಲೂಮ್. ನನ್ನ ಭೂಕಂಪ ಮಾಪಕ ಹಗಲೆಲ್ಲ ಮಗ್ಗದ ನಡುಕವನ್ನೇ ಬರೆಯುತ್ತಿತ್ತು. ಅದನ್ನು ಕಿತ್ತುಕೊಂಡು ವಾಪಸ್ ಬಾ ಎಂದಿದ್ದರು ನಮ್ಮ ಕಚೇರಿಯ ಸಾಹೇಬರು. ಮಾಪಕ ಇಟ್ಟಿರುವ ಮನೆಯ ಒಡತಿ ಯಂಕವ್ವ, "ಕರೆಂಟ್ ಹೋದಾಗ ನೋಡ್ರಿ ಅಕ್ಕಾರ. ಆವಾಗ ನಡುಗಿದ್ರ ಖರೇನ ಭೂಮಿನ ನಡುಗೇತಿ" ಎಂದಳು. ನಿನ್ನೆ ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗ ನಿಂತವು. ಬ್ಯಾಟರಿಯ ಮೇಲಿದ್ದ ಮಾಪಕದ ಗೆರೆ ನೆಟ್ಟಗಾಗಿ, ತುಸು ಹೊತ್ತಿಗೆ ಮತ್ತೆ ಕುಣಿಯಿತು. ವಿಜಯಪುರದ ಕಡೆಯ ಸಣ್ಣ ಕಂಪನ. ಇನ್ನೆರಡು ಕೇಂದ್ರಗಳಲ್ಲೂ ಅದೇ ಹೊತ್ತಿಗೆ ದಾಖಲಾಗಿದೆ. ಹಿಮಾಲಯವನ್ನು ತಳ್ಳುತ್ತಿರುವ ನಮ್ಮ ಭೂಫಲಕದ ಬಿಗಿತ ಇಲ್ಲಿಗೂ ಮುಟ್ಟುತ್ತದೆ ಎನ್ನುತ್ತಿದ್ದೆನಲ್ಲ, ಅದಕ್ಕೊಂದು ಸಾಕ್ಷಿ ಸಿಕ್ಕಿತು. ಸಾಹೇಬರು ಈಗ ಇನ್ನೊಂದು ಮಾಪಕ ಕಳಿಸುತ್ತಾರಂತೆ. ನನ್ನ ಕೆಮ್ಮು ಪೂರಾ ಹೋಗಿದೆ. ಇಲ್ಲಿಂದ ಮುಂದೆ ಅಕ್ಷರ ನಡುಗಿದ್ದರೆ ಗಾಬರಿಯಾಗಬೇಡಿ, ಇವತ್ತೂ ಹೋಗಿದ್ದ ಕರೆಂಟ್ ಈಗ ಬಂತು.

ನಿಮ್ಮ ವಾರಿಜ