ಗೋಡೆಯಿಲ್ಲದ ಬಾಗಿಲು

ಅತ್ತೆ,

ಮೊದಲು ನಮಸ್ಕಾರ, ಆಮೇಲೆ ಜಂಬ. ಸಾಂಕ್ರಾಮಿಕ ರೋಗ ಹರಡಿದಾಗ ನಮ್ಮಂಥ ಸಮಾಜ ಕಾರ್ಯಕರ್ತರು ಮನೆಮನೆಗೆ ಹೋಗಿ ಹೇಗೆ ಮಾತಾಡಬೇಕೆಂದು ಈ ತರಬೇತಿಯಲ್ಲಿ ಕಲಿಸುತ್ತಾರೆ. ಅದಕ್ಕೆಂದೇ ಸಭಾಂಗಣದ ನಡುವೆ ಒಂದು ಬಾಗಿಲು ನಿಲ್ಲಿಸಿದ್ದಾರೆ. ಚೌಕಟ್ಟು, ಚಿಲಕ ಎಲ್ಲ ಇದೆ, ಗೋಡೆ ಮಾತ್ರ ಇಲ್ಲ! ಜ್ವರದ ಮೊಮ್ಮಗನನ್ನು ಒಳಗೆ ಬಚ್ಚಿಟ್ಟುಕೊಂಡು ಬಾಗಿಲು ತೆಗೆಯದ ಮುದುಕಿಯ ಪಾತ್ರ ನಿನ್ನೆ ನನ್ನ ಪಾಲಿಗೆ ಬಂತು. ನೀವೇ ನನ್ನ ಮೈಮೇಲೆ ಬಂದುಬಿಟ್ಟಿರಿ.

ನನ್ನ ಜೊತೆ ಕಲಿಯುವವನೊಬ್ಬ ಬಾಗಿಲು ತಟ್ಟಿ ಗುರುತಿನ ಚೀಟಿ ತೋರಿಸಿದ. "ಚೀಟಿ ಯಾರು ಬೇಕಾದ್ರೂ ಮಾಡಿಸ್ಕೋಬಹುದು, ಹೋಗಪ್ಪ" ಎಂದೆ. "ಅಜ್ಜಿ, ಹೊರಗೆಲ್ಲಾ ಕಾಯಿಲೆ ಹರಡ್ತಿದೆ" ಎಂದು ಇನ್ನೊಬ್ಬಳು ಹೆದರಿಸಿದಳು. "ಮತ್ತೆ ನೀನ್ಯಾಕೆ ಬೀದಿ ಸುತ್ತುತ್ತಿದ್ದೀಯ? ಮನೆಗೆ ಹೋಗಿ ಮಲ್ಕೋ" ಎಂದೆ. ತರಬೇತಿಯ ಮೇಷ್ಟ್ರೇ ಬಂದು ಗೋಗರೆದರೂ ನಾನು ಚಿಲಕ ಮುಟ್ಟಲಿಲ್ಲ. "ಸರಿ, ಇಂಥೋರ ಬಾಗಿಲು ತೆಗೆಸೋದು ಹೇಗೆ, ನೀವೇ ತೋರಿಸಿ" ಎಂದು ಅವರೇ ಒಳಗೆ ನಿಂತು ಮುದುಕಿಯಾದರು.

ನಾನು ಮೆಲ್ಲಗೆ ತಟ್ಟಿ, "ಅಮ್ಮಾ, ಈ ಬೀದೀಲಿ ಯಾರ್ಯಾರಿಗೆ ಜ್ವರ ಬಂದಿದೆ ಅಂತ ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತಿರುತ್ತೆ?" ಎಂದೆ. ಚಿಲಕ ಸರಿಯಿತು. ಚಪ್ಪಾಳೆಯೋ ಚಪ್ಪಾಳೆ! ಬಾಗಿಲು ಹಾಕೋದೂ ತೆಗೆಸೋದೂ ಎಲ್ಲಿ ಕಲಿತಿರಿ ಎಂದು ಮೇಷ್ಟ್ರು ಕೇಳಿದಾಗ ನಿಮ್ಮ ಹೆಸರು ಹೇಳಿದೆ.

ನಾನು ಚೆನ್ನಾಗಿದ್ದೇನೆ, ಕೈ ತೊಳೆದು ತೊಳೆದು ಚರ್ಮ ಮಾತ್ರ ಒಡೆದಿದೆ. ನೀವು ಬಿಪಿ ಮಾತ್ರೆ ತಪ್ಪಿಸಬೇಡಿ. ಮುಂದೆ ಬರುವವರೂ ಈ ಬಾಗಿಲು ತೆಗೆಸಿಯೇ ಪಾಸಾಗಬೇಕಂತೆ, ಮೇಷ್ಟ್ರು ಅದರ ಮೇಲೆ ದಪ್ಪಕ್ಷರದಲ್ಲಿ ನಿಮ್ಮ ಹೆಸರು ಬರೆಸಿದ್ದಾರೆ. ಸರ್ಟಿಫಿಕೇಟು ನನಗೆ, ಬಾಗಿಲು ನಿಮಗೆ.

ಕಾಗದದಲ್ಲಿ ಜಾಗ ಮುಗಿಯಿತು,
ನಿಮ್ಮ ಸೊಸೆ