ಅಲೀರ್ ಕೂಗಿದ ಬೆಳಗ್ಗೆ

ನೆಗ್ವಾಕ್,
ಜನವರಿ ೯, ೨೦೦೪

ನನ್ನ ಪ್ರೀತಿಯ ಎಕ್ಸೆಲ್ದಾ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಹಬ್ಬದ ಗಡಿಬಿಡಿ, ಪೇಟೆಗೆ ಸಿಂಪಿ ಕಳಿಸುವ ಅವಸರ ಎಂದು ನೆಪ ಹೇಳಬಹುದು. ನಿಜ ಅದಲ್ಲ. ಓದಿ, ಮಡಿಸಿ, ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಬಿಟ್ಟಿದ್ದೆ.

ನೀನು ಮತ್ತೆ ಮದುವೆಯಾಗುವ ಸುದ್ದಿ ಓದಿ ಸಂತೋಷವಾಯಿತು. ಅಲೀರನ ಅಕ್ಕನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಅವನು ತೀರಿಹೋಗಿ, ಬರುವ ಹದಿನಾಲ್ಕಕ್ಕೆ ಐದು ವರ್ಷ. ಮೂವತ್ತಾರರ ಹೆಂಗಸು ಎಷ್ಟು ದಿನ ಅಂತ ಕಪ್ಪು ಬಟ್ಟೆ ಉಟ್ಟುಕೊಂಡಿರಬೇಕು?

ಮದುವೆ ಊಟಕ್ಕೆ ನಮ್ಮ ಸಿಂಪಿಯೇ ಬೇಕೆಂದು ಬರೆದಿದ್ದೀಯ. ಖಂಡಿತ ಕಳಿಸುತ್ತೇನೆ. ಈ ಸಲವೂ ಸಣ್ಣವೇ, ಅಂಗೈ ಕುಳಿಯಲ್ಲಿ ಕೂರುವಷ್ಟು. ಆದರೆ ಬೇಸಿಗೆಯೆಲ್ಲ ಕೊಲ್ಲಿಯ ಮೇಲೆ ತೇಲುವ ಬಲೆಚೀಲದೊಳಗೆ ಅಲೆಯ ಏಟು ತಿಂದು ಚಿಪ್ಪು ದುಂಡಗೆ, ಆಳವಾಗಿ ಬಂದಿದೆ. ಚೀಲಗಳನ್ನು ಬಿಸಿಲಿಗೆ ಮಗುಚಿ ಮಗುಚಿ ಮೇಲಿನ ಪಾಚಿ ಒಣಗಿಸಿ ನನ್ನ ಬೆನ್ನು ಬಿದ್ದುಹೋಯಿತು. ಕೊಲ್ಲಿ ಹೆಪ್ಪುಗಟ್ಟುವ ಮೊದಲು ಎಲ್ಲವನ್ನೂ ತಳಕ್ಕೆ ಇಳಿಸಿದೆವು. ಈಗ ಚಳಿಗೆ ಬಾಯಿ ಮುಚ್ಚಿ ಮಲಗಿವೆ.

ನಿನ್ನ ಕಾಗದದ ತುದಿಯಲ್ಲಿ ಒಂದು ಸಾಲಿತ್ತು: "ಅವರು ಕೊನೆಗೆ ಏನಾದ್ರೂ ಅಂದ್ರಾ ಅತ್ತಿಗೆ? ನನಗೆ ಅಷ್ಟು ಗೊತ್ತಾದ್ರೆ ಸಾಕು."

ಅವತ್ತು ಎಲ್ಲರಿಗೂ ಹೇಳಿದ ಹಾಗೆ ನಿನಗೂ ಹೇಳಿದ್ದೆ. ಸಿಂಪಿ ವಿಂಗಡಿಸುವ ಯಂತ್ರ ಓಡುತ್ತಿತ್ತು, ಆ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ ಎಂದು. ಪಾದ್ರಿಗಳ ಮುಂದೆಯೂ ಅದನ್ನೇ ಹೇಳಿದೆ. ಎಕ್ಸೆಲ್ದಾ, ಆ ಯಂತ್ರದ ಬೆಲ್ಟು ಬೆಳಗ್ಗೆಯೇ ತುಂಡಾಗಿತ್ತು. ಶೆಡ್ಡಿನಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಹತ್ತು ಗಂಟೆ ಇರಬಹುದು. ಅಲೀರ್ ಗರಗಸ ತೆಗೆದುಕೊಂಡು, ಚೀಲ ಹೇರುವ ಜಾರುಬಂಡಿ ಎಳೆದುಕೊಂಡು ಮಂಜುಗಡ್ಡೆಯ ಮೇಲೆ ಹೋಗಿದ್ದ. ರಂಧ್ರ ಕೊರೆದು ನಾಲ್ಕು ಚೀಲ ಎತ್ತಬೇಕಿತ್ತು. ಗಾಳಿಗೆ ಹಿಮದ ಪುಡಿ ಎದ್ದು ಮುನ್ನೂರು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ಆಗ ಕೂಗಿದ. "ಅಕ್ಕಾ!" ಎಂದು. ಮೂರು ಸಲ.

ಅವನ ಹುಡುಗಾಟ ನಿನಗೆ ಗೊತ್ತೇ ಇದೆ. ಆ ಚಳಿಗಾಲದಲ್ಲೇ ಎರಡು ಬಾರಿ ಬೋರಲಾಗಿ ಬಿದ್ದುಕೊಂಡು, "ಮುಳುಗಿದೆ, ಮುಳುಗಿದೆ" ಎಂದು ಅರಚಿ, ಬರಿಗಾಲಲ್ಲಿ ಓಡಿ ಬಂದ ನನ್ನನ್ನು ನೋಡಿ ಹೊಟ್ಟೆ ಹಿಡಿದು ನಕ್ಕಿದ್ದ. "ಏನೇ ಅಕ್ಕ, ಬಾತುಕೋಳಿ ಥರ ಓಡ್ತೀಯಲ್ಲ!" ಎಂದಿದ್ದ. ನಾನು ಬಾಗಿಲು ತೆರೆದು ಕೂಗಿದೆ: "ಸಾಕು ಮಾಡೋ ನಿನ್ನ ನಾಟಕ! ಇವತ್ತು ನಾನು ಬರಲ್ಲ!" ಬಾಗಿಲು ಹಾಕಿಕೊಂಡೆ. ಮುಂದಿದ್ದ ತಟ್ಟೆಯ ಸಿಂಪಿಯನ್ನು ಕೈಯಿಂದಲೇ ವಿಂಗಡಿಸಿ ಮುಗಿಸಿದೆ. ಚಹಾ ಕಾಯಿಸಿದೆ. ಅವನ ಲೋಟಕ್ಕೂ ಸುರಿದುಕೊಂಡು ಹೋದೆ. ಜಾರುಬಂಡಿ ಇತ್ತು, ಗರಗಸ ಇತ್ತು. ರಂಧ್ರದ ಅಂಚು ಒಡೆದು ಅಗಲವಾಗಿತ್ತು.

ಊರವರು ಅವನು ಕುಡಿದಿದ್ದ ಎಂದರು. ನಾನು ಇಲ್ಲ ಎನ್ನಲಿಲ್ಲ. ಅದಕ್ಕೂ ನಿನ್ನ ಕ್ಷಮೆ ಬೇಕು. ಅವನು ಒಂದು ತೊಟ್ಟೂ ಕುಡಿದಿರಲಿಲ್ಲ.

ಮಂಜು ಕರಗಿದ ಮೇಲೆ ಆ ನಾಲ್ಕು ಚೀಲಗಳನ್ನು ನಮ್ಮ ಶೆಡ್ಡಿನ ಕೆಲಸದ ಮುದುಕ ತಿಯೋತೀಮ್ ದೋಣಿಯಲ್ಲಿ ಹೋಗಿ ಎತ್ತಿದ. ನಾನು ಒಂದು ಸಿಂಪಿ ಬಿಡಿಸಿ ಬಾಯಿಗೆ ಹಾಕಿಕೊಂಡೆ. ಮೊದಲು ಉಪ್ಪು, ಆಮೇಲೆ ಸಿಹಿ. ಚಳಿನಿದ್ದೆಗೆಂದು ಅವು ಮೈಯಲ್ಲಿ ಕೂಡಿಟ್ಟುಕೊಳ್ಳುವ ಸಿಹಿ. ಅಂಥ ಒಳ್ಳೆಯ ಸಿಂಪಿಯನ್ನು ನಾನು ಅದುವರೆಗೆ ತಿಂದಿರಲಿಲ್ಲ. ನುಂಗಿದೆ. ಆಮೇಲೆ ಶೆಡ್ಡಿನ ಹಿಂದೆ ಹೋಗಿ ಎಲ್ಲವನ್ನೂ ಕಕ್ಕಿದೆ. ಅಲ್ಲಿಂದ ಇಲ್ಲಿಯವರೆಗೆ ಒಂದನ್ನೂ ಬಾಯಿಗಿಟ್ಟಿಲ್ಲ.

ಈಗ ಪ್ರತಿ ಜನವರಿಯಲ್ಲೂ ಅವನು ಕೂಗುತ್ತಾನೆ. ಹಗಲಲ್ಲೇ, ಕೆಲಸದ ನಡುವೆ. ನಾನು ಕೈಯಲ್ಲಿದ್ದುದನ್ನು ಬಿಟ್ಟು ಹಗ್ಗ ತೆಗೆದುಕೊಂಡು ಹೋಗುತ್ತೇನೆ. ಮೊದಲ ವರ್ಷ ತಿಯೋತೀಮ್ ಗದರಿದ: "ಎಲ್ಲಿಗೆ ಹೊರಟ್ಯೇ ತಾಯಿ? ಅದು ಮಂಜುಗಡ್ಡೆ ಮೈ ಮುರಿಯೋ ಸದ್ದು ಅಷ್ಟೇ!" ಈಗ ಅವನೂ ಬರುತ್ತಾನೆ. ಹಗ್ಗದ ಇನ್ನೊಂದು ತುದಿ ಹಿಡಿದು ದಡದಲ್ಲಿ ನಿಲ್ಲುತ್ತಾನೆ. ಯಂತ್ರಕ್ಕೆ ಹೊಸ ಬೆಲ್ಟು ಹಾಕಿದವನು ಅವನೇ, ಅಲೀರ್ ಸತ್ತ ಮಾರನೆಯ ದಿನ. ಅಂದರೆ ನನ್ನ ಸುಳ್ಳು ಅವನಿಗೆ ಮೊದಲಿನಿಂದ ಗೊತ್ತು.

ನನ್ನನ್ನು ಮದುವೆಗೆ ಕರೆದಿದ್ದೀಯ. ಇದನ್ನು ಓದಿದ ಮೇಲೆ ಬೇಡವೆನಿಸಿದರೆ ಎರಡು ಸಾಲು ಬರೆ. ಸಿಂಪಿ ಮಾತ್ರ ಹೇಗೂ ಬರುತ್ತವೆ. ಕೈಹಿಡಿಯುವವನ ಜೊತೆ ಸುಖವಾಗಿರು.

ನಿನ್ನ,
ಓಜೆಲಿ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಹರಿದೆ. ಅವನು "ಅಕ್ಕಾ" ಎನ್ನಲಿಲ್ಲ. ಮೂರು ಸಲವೂ ಕೂಗಿದ್ದು ನಿನ್ನ ಹೆಸರು. ನೀನು ಅವನ ಜೊತೆ ಜಗಳವಾಡಿ ಮಾಂಕ್ಟನ್‌ಗೆ, ನಿನ್ನ ತಾಯಿಯ ಮನೆಗೆ ಹೋಗಿ ನಾಲ್ಕು ದಿನವಾಗಿತ್ತು. ಇಲ್ಲದವಳನ್ನು ಕರೆಯುತ್ತಿದ್ದಾನಲ್ಲ ಎಂದೇ ನನಗೆ ಅದು ನಾಟಕವೆನಿಸಿತು. ನಾನು ಬಾಗಿಲಲ್ಲಿ ನಿಂತು ಇನ್ನೊಂದು ಮಾತೂ ಹೇಳಿದ್ದೆ: "ಅವಳು ನಿನ್ನ ಬಿಟ್ಟು ಹೋದ್ಲು ಕಣೋ, ಇನ್ನು ಬರಲ್ಲ!" ಅದು ಅವನ ಕಿವಿಗೆ ಬಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.